ನೂರು ಕೋಟಿಯ ಸಾಲಪತ್ರ ಮತ್ತು ಮೂರು ಬಗೆಯ ಲೆಕ್ಕ

ನಾನು ಕೆಲಸ ಮಾಡುವ ಕಂಪನಿ ದೊಡ್ಡಬಳ್ಳಾಪುರದ ಕಡೆಯ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗಗಳನ್ನು ತಯಾರಿಸುತ್ತದೆ. ಇದರ ಷೇರುಗಳು ಪೇಟೆಯಲ್ಲಿ ಲಿಸ್ಟ್ ಆಗಿಲ್ಲ. ಹೆಚ್ಚಿನ ಪಾಲು ಒಂದೇ ಕುಟುಂಬದ ಕೈಯಲ್ಲಿದೆ. 2024ರ ಆರಂಭದಲ್ಲಿ ಈ ಕಂಪನಿ ಮೊದಲ ಬಾರಿಗೆ ನೂರು ಕೋಟಿ ರೂಪಾಯಿಯ ಡಿಬೆಂಚರುಗಳನ್ನು, ಅಂದರೆ ಬಡ್ಡಿ ಕೊಡುವ ಸಾಲಪತ್ರಗಳನ್ನು, ಪ್ರೈವೇಟ್ ಪ್ಲೇಸ್‌ಮೆಂಟ್ ಮೂಲಕ (ಸಾರ್ವಜನಿಕರಿಗಲ್ಲದೆ ಆಯ್ದ ಹೂಡಿಕೆದಾರರಿಗೆ ಮಾತ್ರ) ಹೊರತಂದಿತು. ಹಣಕಾಸು ವಿಭಾಗದಲ್ಲಿದ್ದ ನನಗೆ ಆ ಕೆಲಸದ ಮೊದಲ ಲೆಕ್ಕದಿಂದ ಸಾಲಪತ್ರಗಳ ಲಿಸ್ಟಿಂಗ್‌ವರೆಗೆ ಎಲ್ಲ ಹಂತಗಳಲ್ಲೂ ಜೊತೆಗಿರುವ ಅವಕಾಶ ಸಿಕ್ಕಿತು. ಕಂಪನಿಯ ಗುರುತು ಹೊರಬೀಳದಿರಲೆಂದು ಇಲ್ಲಿನ ಅಂಕಿಗಳನ್ನು ದುಂಡಗೆ ಮಾಡಿದ್ದೇನೆ. ಅವುಗಳ ನಡುವಿನ ಸಂಬಂಧವನ್ನು ಮಾತ್ರ ಕೆಡಿಸಿಲ್ಲ.

ಸಾಲಪತ್ರದ ಯೋಚನೆ ಹುಟ್ಟಿದ್ದು ಬ್ಯಾಂಕಿನ ವಾರ್ಷಿಕ ನವೀಕರಣದ ಸಮಯದಲ್ಲಿ. ನಮ್ಮ ನೆಟ್‌ವರ್ತ್ (ಹೊಣೆಗಳನ್ನು ಕಳೆದು ಉಳಿಯುವ ಸ್ವಂತ ಬಂಡವಾಳ) 250 ಕೋಟಿ, ಒಟ್ಟು ಸಾಲ 200 ಕೋಟಿ. ಸಾಲದಲ್ಲಿ 110 ಕೋಟಿ ದುಡಿಯುವ ಬಂಡವಾಳಕ್ಕೆಂದು ತೆಗೆದ ಅಲ್ಪಾವಧಿಯ ಸಾಲ, ಉಳಿದ 90 ಕೋಟಿ ಕಂತುಗಳಲ್ಲಿ ತೀರಿಸುವ ಟರ್ಮ್ ಲೋನ್. ಆ ಟರ್ಮ್ ಲೋನಿನಲ್ಲಿ 30 ಕೋಟಿಯನ್ನು ವರ್ಷದೊಳಗೆ ತೀರಿಸಬೇಕಿತ್ತು. ಸಾಲ-ಬಂಡವಾಳ ಅನುಪಾತ 0.80 ಎಂದರೆ ನಮ್ಮಂಥ ತಯಾರಿಕಾ ಕಂಪನಿಗೆ ಯಾರೂ ಹುಬ್ಬೇರಿಸುವ ಮಟ್ಟವಲ್ಲ. ತೊಂದರೆ ಇದ್ದದ್ದು ಚಾಲ್ತಿ ಅನುಪಾತದಲ್ಲಿ, ಅಂದರೆ ವರ್ಷದೊಳಗೆ ನಗದಾಗುವ ಆಸ್ತಿ ವರ್ಷದೊಳಗೆ ತೀರಿಸಬೇಕಾದ ಹೊಣೆಯ ಎಷ್ಟು ಪಟ್ಟು ಎಂಬುದರಲ್ಲಿ. ಚಾಲ್ತಿ ಆಸ್ತಿ 260 ಕೋಟಿ, ಚಾಲ್ತಿ ಹೊಣೆ 220 ಕೋಟಿ, ಅನುಪಾತ 1.18. ದುಡಿಯುವ ಬಂಡವಾಳದ ಸಾಲಕ್ಕೆ ನಿಯಮ ಸೂಚಿಸಿದ 1970ರ ದಶಕದ ಟಂಡನ್ ಸಮಿತಿಯ ಕಾಲದಿಂದಲೂ ನಮ್ಮ ಬ್ಯಾಂಕುಗಳು 1.33 ಎಂಬ ಅಂಕಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿವೆ. ನಾವು ಅದಕ್ಕಿಂತ ಕೆಳಗೆ ಜಾರಿದ್ದಕ್ಕೆ ಕಾರಣ ಗುಟ್ಟಿನದೇನಲ್ಲ: ಹಿಂದಿನ ಎರಡು-ಮೂರು ವರ್ಷಗಳಲ್ಲಿ ಖರೀದಿಸಿದ ಕೆಲವು ಯಂತ್ರಗಳಿಗೆ ದೀರ್ಘಾವಧಿಯ ಸಾಲ ಸಿಗುವ ಮೊದಲೇ ದುಡಿಯುವ ಬಂಡವಾಳಕ್ಕೆ ಬ್ಯಾಂಕು ಕೊಡುವ ಅಲ್ಪಾವಧಿಯ ಸಾಲವಾದ ಕ್ಯಾಶ್ ಕ್ರೆಡಿಟ್ ಖಾತೆಯಿಂದ ಹಣ ಹೋಗಿತ್ತು. ಹತ್ತು ವರ್ಷ ದುಡಿಯುವ ಯಂತ್ರದ ಹಣವನ್ನು ಪ್ರತಿ ವರ್ಷ ನವೀಕರಿಸಬೇಕಾದ ಸಾಲ ಹೊತ್ತು ನಿಂತಿತ್ತು.

ನೂರು ಕೋಟಿಯಲ್ಲಿ 60 ಕೋಟಿಯಿಂದ ಅಲ್ಪಾವಧಿಯ ಸಾಲವನ್ನು ತೀರಿಸುವುದು, ಉಳಿದ 40 ಕೋಟಿಯಲ್ಲಿ ಹೊಸ ಉತ್ಪಾದನಾ ಲೈನ್ ಹಾಕುವುದು ಎಂದು ಯೋಜನೆ ಮಾಡಿದೆವು. ಮೊದಲ ಸಭೆಯಲ್ಲಿಯೇ ಎಂ.ಡಿ.ಯವರು ನೇರವಾಗಿ ಕೇಳಿದರು: "ಬ್ಯಾಂಕು ಒಂಬತ್ತೂಕಾಲಿಗೆ ಕೊಡ್ತಿರುವಾಗ ಹತ್ತೂಕಾಲು ಕೊಟ್ಟು ಹೊರಗಿನವರಿಂದ ಯಾಕಪ್ಪ ತರಬೇಕು?" ಪ್ರಶ್ನೆ ಸರಿಯಾಗಿಯೇ ಇತ್ತು. ಬಡ್ಡಿಯನ್ನಷ್ಟೇ ನೋಡಿದರೆ ಸಾಲಪತ್ರ ನಮಗೆ ನಷ್ಟದ ಬಾಬತ್ತು. ಅದಕ್ಕೆ ಉತ್ತರ ಕೊಡಲು ಅನುಪಾತಗಳ ತಃಖ್ತೆ ಹಿಡಿದು ಕೂರಬೇಕಾಯಿತು.

ಉಳಿದದ್ದೆಲ್ಲ ಹಾಗೆಯೇ ಇರುತ್ತದೆ ಎಂದು ಭಾವಿಸಿ, ಹಣ ಬಂದ ದಿನದ ಬ್ಯಾಲೆನ್ಸ್ ಶೀಟನ್ನು ಬರೆದೆವು. ಒಟ್ಟು ಸಾಲ 200ರಿಂದ 240 ಕೋಟಿಗೆ ಏರುತ್ತದೆ. ಸಾಲ-ಬಂಡವಾಳ ಅನುಪಾತ 0.96. ಚಾಲ್ತಿ ಹೊಣೆ 160 ಕೋಟಿಗೆ ಇಳಿಯುತ್ತದೆ. ಖರ್ಚಾಗದ 40 ಕೋಟಿ ಠೇವಣಿಯಾಗಿ ಕುಳಿತಿರುವುದರಿಂದ ಚಾಲ್ತಿ ಆಸ್ತಿ 300 ಕೋಟಿ. ಚಾಲ್ತಿ ಅನುಪಾತ 1.18ರಿಂದ 1.88ಕ್ಕೆ ಜಿಗಿಯುತ್ತದೆ. ಈ ಜಿಗಿತವನ್ನು ಪೂರ್ತಿ ನಂಬುವಂತಿಲ್ಲ, ಏಕೆಂದರೆ ಠೇವಣಿ ಯಂತ್ರವಾಗಿ ಬದಲಾದ ಮೇಲೆ ಅದು 1.63ಕ್ಕೆ ಇಳಿಯುತ್ತದೆ. ನಿವ್ವಳ ಸಾಲದ ಕಥೆಯೇ ಬೇರೆ. ಮೊದಲು ಕೈಯಲ್ಲಿದ್ದ ನಗದು 10 ಕೋಟಿ ಕಳೆದರೆ ನಿವ್ವಳ ಸಾಲ 190 ಕೋಟಿ. ಸಾಲಪತ್ರದ ಹಣ ಬಂದ ದಿನ 240ರಲ್ಲಿ 50 ಕಳೆದರೂ ಅದೇ 190 ಕೋಟಿ. ಅಂದರೆ ಒಂದೇ ಘಟನೆಯಿಂದ ಒಂದು ಅನುಪಾತ ಕೆಟ್ಟಿತು, ಒಂದು ತುಂಬ ಸುಧಾರಿಸಿತು, ಇನ್ನೊಂದು ಅಲುಗಾಡಲೇ ಇಲ್ಲ. ಬ್ಯಾಂಕಿನವರು ನೋಡುವುದು ಎರಡನೆಯದನ್ನು, ಪತ್ರಿಕೆ ಓದುವವರು ನೋಡುವುದು ಮೊದಲನೆಯದನ್ನು, ಸಾಲಪತ್ರ ಕೊಳ್ಳುವವರು ಹಿಡಿದು ಕೂರುವುದು ಮೂರನೆಯದನ್ನು. ಈ ಮೂರೂ ಕಣ್ಣುಗಳಿಗೆ ಒಟ್ಟಿಗೆ ಉತ್ತರ ಹೇಳುವುದೇ ಮುಂದಿನ ತಿಂಗಳುಗಳ ನಮ್ಮ ಕೆಲಸವಾಯಿತು.

ಬಡ್ಡಿ ತೀರಿಸುವ ಶಕ್ತಿಯ ಲೆಕ್ಕ ಇದಕ್ಕಿಂತ ಸೂಕ್ಷ್ಮವಾದದ್ದು. ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮೊದಲಿನ ನಮ್ಮ ಲಾಭ, ಅಂದರೆ ಎಬಿಟಾ, 70 ಕೋಟಿ. ವರ್ಷಕ್ಕೆ ಬಡ್ಡಿ 19 ಕೋಟಿ. ಬಡ್ಡಿಯ ಸುಮಾರು 3.7 ಪಟ್ಟು ಗಳಿಕೆ. ಹೊಸ ಸಾಲಪತ್ರಕ್ಕೆ 10.25 ಕೋಟಿ ಬಡ್ಡಿ ಸೇರಿ, ತೀರಿಸಿದ 60 ಕೋಟಿಯ ಮೇಲಿನ ಸುಮಾರು 5.55 ಕೋಟಿ ಬಡ್ಡಿ ಉಳಿತಾಯವಾದರೆ ಒಟ್ಟು ಬಡ್ಡಿ 23.7 ಕೋಟಿಯಾಗುತ್ತದೆ, ಅನುಪಾತ 2.95. ಆದರೆ ಭಾರತೀಯ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 23ರ ಪ್ರಕಾರ, ನಿರ್ಮಾಣದಲ್ಲಿರುವ ಆಸ್ತಿಗೆಂದು ತೆಗೆದ ಸಾಲದ ಬಡ್ಡಿಯನ್ನು ಆ ಆಸ್ತಿಯ ವೆಚ್ಚಕ್ಕೆ ಸೇರಿಸಬೇಕು. ಹೊಸ ಲೈನ್ ಸಿದ್ಧವಾಗುವವರೆಗೆ 40 ಕೋಟಿಯ ಬಡ್ಡಿ, ವರ್ಷಕ್ಕೆ 4.1 ಕೋಟಿ, ಲಾಭ-ನಷ್ಟದ ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ನಮ್ಮ ಪುಸ್ತಕದಲ್ಲಿ ಕಾಣುವ ಬಡ್ಡಿ 19.6 ಕೋಟಿ, ಅನುಪಾತ 3.57. ನಿಯಮ ಮೀರಿದ ಲೆಕ್ಕ ಇದಲ್ಲ. ಆಡಿಟರ್ ಒಪ್ಪುವ ಲೆಕ್ಕವೇ. ಆದರೂ ಕೈಯಿಂದ ನಗದು ಹೋಗುವುದು 23.7 ಕೋಟಿಯೇ.

ಸಾಲ ತೀರಿಸುವ ಸಾಮರ್ಥ್ಯಕ್ಕೆ ದರ್ಜೆ ಕೊಡುವ ರೇಟಿಂಗ್ ಏಜೆನ್ಸಿಯ ವಿಶ್ಲೇಷಕರು ಬಂದ ದಿನ ಇದು ಎಷ್ಟು ಮುಖ್ಯವೆಂದು ಗೊತ್ತಾಯಿತು. ನಮ್ಮ ಬ್ಯಾಂಕ್ ಸಾಲಕ್ಕೆ ಮೊದಲಿನಿಂದಲೂ ಎ ಮೈನಸ್ ದರ್ಜೆಯಿತ್ತು. ಹೊಸ ಸಾಲಪತ್ರಕ್ಕೂ ಅದೇ ದರ್ಜೆ ದಕ್ಕಬೇಕಿತ್ತು. ಬೆಳಿಗ್ಗೆ ಶಾಪ್ ಫ್ಲೋರ್ ಸುತ್ತಿ, ಸ್ಟಾಕ್ ಯಾರ್ಡಿನಲ್ಲಿ ಹಳೆಯ ಮಾಲು ಎಷ್ಟಿದೆ ಎಂದು ಕಣ್ಣಲ್ಲೇ ಅಳೆದು, ಮಧ್ಯಾಹ್ನ ಮೀಟಿಂಗ್ ರೂಮಿಗೆ ಬಂದವರು ಲ್ಯಾಪ್‌ಟಾಪಿನಲ್ಲಿ ನಮ್ಮ ತಃಖ್ತೆ ತೆರೆದು ಮಾಡಿದ ಮೊದಲ ಕೆಲಸವೆಂದರೆ ಆ 4.1 ಕೋಟಿಯನ್ನು ಮತ್ತೆ ಬಡ್ಡಿಯ ಸಾಲಿಗೆ ತಂದು ಕೂಡಿಸಿದ್ದು. ಎರಡನೆಯದಾಗಿ, ಸೋದರ ಕಂಪನಿಯೊಂದರ ಸಾಲಕ್ಕೆ ನಾವು ಕೊಟ್ಟಿದ್ದ 15 ಕೋಟಿಯ ಗ್ಯಾರಂಟಿಯನ್ನು ನಮ್ಮದೇ ಸಾಲವೆಂದು ಲೆಕ್ಕಕ್ಕೆ ತೆಗೆದುಕೊಂಡರು. 240ಕ್ಕೆ 15 ಸೇರಿ 255. 250ರ ನೆಟ್‌ವರ್ತ್‌ಗೆ ಹೋಲಿಸಿದರೆ 1.02. ಒಂದನ್ನು ದಾಟಿದ ಆ ಅಂಕಿ ಪರದೆಯ ಮೇಲೆ ಬಂದಾಗ ಎಂ.ಡಿ.ಯವರು ನನ್ನತ್ತ ನೋಡಿದರು. ಗ್ಯಾರಂಟಿ ವಿಷಯ ಬ್ಯಾಲೆನ್ಸ್ ಶೀಟಿನ ಟಿಪ್ಪಣಿಯಲ್ಲಿ ಒಂದು ಸಾಲಾಗಿ ಇದ್ದದ್ದು, ಅಲ್ಲಿಯವರೆಗೆ ಯಾರ ಗಮನಕ್ಕೂ ಬಿದ್ದಿರಲಿಲ್ಲ.

ರೇಟಿಂಗ್ ಕೊಡುವುದು ನಮ್ಮೊಡನೆ ಮಾತಾಡಿದ ವಿಶ್ಲೇಷಕರಲ್ಲ. ಅವರು ಬರೆದ ಟಿಪ್ಪಣಿಯನ್ನು ಬೇರೊಂದು ಸಮಿತಿ ಪರಿಶೀಲಿಸಿ ತೀರ್ಮಾನಿಸುತ್ತದೆ. ಆದ್ದರಿಂದ ಮಾತಿನಲ್ಲಿ ಒಪ್ಪಿಸುವುದಕ್ಕಿಂತ ಕಾಗದದಲ್ಲಿ ಉಳಿಯುವುದೇನು ಎಂಬುದೇ ಲೆಕ್ಕಕ್ಕೆ ಬರುತ್ತದೆ. ಹೊಸ ಲೈನಿನ ಉತ್ಪಾದನೆಗೆ ಗ್ರಾಹಕರಿಂದ ಬಂದಿದ್ದ ಆರ್ಡರ್ ಪತ್ರಗಳು, ತಿಂಗಳುವಾರು ಕ್ಯಾಶ್ ಕ್ರೆಡಿಟ್ ಬಳಕೆಯ ವಿವರ, ಗ್ಯಾರಂಟಿಯನ್ನು ಮುಂದಿನ ವರ್ಷದೊಳಗೆ ಬಿಡಿಸಿಕೊಳ್ಳುವ ಬಗ್ಗೆ ಬೋರ್ಡ್ ನಿರ್ಣಯ, ಇವನ್ನು ಕಳಿಸಿದೆವು. ದರ್ಜೆ ಎ ಮೈನಸ್, ಮುನ್ನೋಟ ಸ್ಟೇಬಲ್ ಎಂದೇ ಬಂತು. ಜೊತೆಗೆ ಪ್ರಕಟವಾದ ವಿವರಣೆಯಲ್ಲಿ ಸಾಮರ್ಥ್ಯಗಳಷ್ಟೇ ದೌರ್ಬಲ್ಯಗಳೂ ಇದ್ದವು. ಒಬ್ಬನೇ ದೊಡ್ಡ ಗ್ರಾಹಕನ ಮೇಲಿನ ಅವಲಂಬನೆಯನ್ನು ಅವರು ಮುಚ್ಚಿಡದೆ ಬರೆದಿದ್ದರು. ಮೊದಲು ಇರಿಸುಮುರಿಸಾಯಿತಾದರೂ, ಹೂಡಿಕೆದಾರರೊಡನೆ ಮಾತಾಡುವಾಗ ಆ ವಾಕ್ಯವೇ ನಮಗೆ ಅನುಕೂಲವಾಯಿತು, ಏಕೆಂದರೆ ಅವರು ಅದನ್ನು ಆಗಲೇ ಓದಿ ಬಂದಿರುತ್ತಿದ್ದರು, ನಾವು ಹೇಳುವ ಉತ್ತರ ಸಬೂಬಿನಂತೆ ಕೇಳಿಸುತ್ತಿರಲಿಲ್ಲ.

ಇನ್ನು ಭದ್ರತೆಯ ವಿಷಯ. ಸಾಲಪತ್ರ ಕೊಳ್ಳುವವರ ಪರವಾಗಿ ಒಬ್ಬ ಡಿಬೆಂಚರ್ ಟ್ರಸ್ಟಿ ಇರಬೇಕು; ಆ ಟ್ರಸ್ಟಿಗೆ ಕಾರ್ಖಾನೆಯ ಸ್ಥಿರಾಸ್ತಿಯ ಮೇಲೆ ಬ್ಯಾಂಕಿನೊಂದಿಗೆ ಸಮಾನ ಹಕ್ಕನ್ನು ಕೊಡಬೇಕಿತ್ತು; ಆಸ್ತಿಯ ಬೆಲೆ ಸಾಲದ 1.25 ಪಟ್ಟು ಇರಬೇಕೆಂಬ ಷರತ್ತು. ಜಾಗ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಲೀಸಿನದಾದ್ದರಿಂದ ಒತ್ತೆಗೆ ಅವರ ಅನುಮತಿ ಬೇಕು. ಅದಕ್ಕೆ ಅರ್ಜಿ ಮೊದಲೇ ಹಾಕಿದ್ದೆವು. ಬ್ಯಾಂಕಿನ ಎನ್‌ಒಸಿ ಮಾತ್ರ ಮೇಜಿನಿಂದ ಮೇಜಿಗೆ ಅಲೆಯಿತು. ಅಲ್ಪಾವಧಿಯ ಸಾಲ ಕಡಿಮೆಯಾದರೆ ತಮಗೇ ಒಳ್ಳೆಯದು ಎಂದು ಶಾಖೆಯವರು ಒಪ್ಪಿದರೂ, ತಮ್ಮ ಒಬ್ಬರದೇ ಆಗಿದ್ದ ಹಕ್ಕನ್ನು ಹಂಚಿಕೊಳ್ಳಲು ಮೇಲಿನ ಕಚೇರಿಯವರು ಹಿಂದೇಟು ಹಾಕಿದರು. ನನ್ನ ಮಟ್ಟಿಗೆ ಇಡೀ ಪ್ರಕ್ರಿಯೆಯಲ್ಲಿ ತಾಳ್ಮೆ ಕೆಡಿಸಿದ್ದು ಇದೊಂದೇ. ಮಿಕ್ಕ ಖರ್ಚುಗಳು ಹೇಳುವಂಥವಲ್ಲ: 2020ರ ಜುಲೈನಿಂದ ದೇಶಕ್ಕೆಲ್ಲ ಒಂದೇ ಆಗಿರುವ ಸ್ಟಾಂಪ್ ಶುಲ್ಕ 0.005 ಪರ್ಸೆಂಟ್, ಅಂದರೆ ನೂರು ಕೋಟಿಗೆ ಐವತ್ತು ಸಾವಿರ ರೂಪಾಯಿ. ನಾವು ಹಣ ತೀರಿಸದಿದ್ದರೆ ಟ್ರಸ್ಟಿ ಬಳಸುವ ವಸೂಲಿ ವೆಚ್ಚದ ನಿಧಿಗೆ 0.01 ಪರ್ಸೆಂಟ್, ಒಂದು ಲಕ್ಷ. ಹೂಡಿಕೆದಾರರನ್ನು ಹುಡುಕಿಕೊಡುವ ಅರೇಂಜರ್, ವಕೀಲರು, ಟ್ರಸ್ಟಿ, ರೇಟಿಂಗ್ ಎಲ್ಲ ಸೇರಿ 1.2 ಕೋಟಿಯ ಹತ್ತಿರ ಹೋಯಿತು. ಇಂಡ್ ಎಎಸ್ 109ರಂತೆ ಈ ಮೊತ್ತವನ್ನು ಸಾಲದಿಂದಲೇ ಕಳೆದು ತೋರಿಸಿ, ಅವಧಿಯುದ್ದಕ್ಕೂ ಬಡ್ಡಿಯಾಗಿ ಹಂಚಬೇಕು. ಹಾಗಾಗಿ ಕೂಪನ್, ಅಂದರೆ ಸಾಲಪತ್ರದ ಬಡ್ಡಿದರ, 10.25 ಇದ್ದರೂ ಪುಸ್ತಕದಲ್ಲಿ ನಮಗೆ ಬಿದ್ದ ದರ 10.6ರ ಆಸುಪಾಸು.

ಮುಂಬೈಯಲ್ಲಿ ನಡೆದ ಹೂಡಿಕೆದಾರರ ಭೇಟಿಗಳ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಮ್ಯೂಚುವಲ್ ಫಂಡ್‌ಗಳು ನಮ್ಮ ದರ್ಜೆಯ ಸಾಲಪತ್ರದತ್ತ ತಿರುಗಿ ನೋಡುವುದು ಅಪರೂಪ ಎಂದು ಅರೇಂಜರ್ ಮೊದಲೇ ಎಚ್ಚರಿಸಿದ್ದರು. 2018ರ ಸೆಪ್ಟೆಂಬರಿನಲ್ಲಿ ಮೂಲಸೌಕರ್ಯ ಹಣಕಾಸು ಕಂಪನಿ ಐಎಲ್ ಅಂಡ್ ಎಫ್ಎಸ್ ಅತ್ಯುನ್ನತ ದರ್ಜೆಯಿಂದ ಕೆಲವೇ ವಾರಗಳಲ್ಲಿ ಸಾಲ ತಪ್ಪಿಸಿದವರ ಡಿ ದರ್ಜೆಗೆ ಬಿದ್ದದ್ದು, 2019ರಲ್ಲಿ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ ಕಂತು ತಪ್ಪಿಸಿದ್ದು, 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಮ್ಯೂಚುವಲ್ ಫಂಡ್ ತನ್ನ ಆರು ಸಾಲ ಯೋಜನೆಗಳನ್ನು ಮುಚ್ಚಿದ್ದು, ಈ ಮೂರೂ ಆ ಕೋಣೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದರೂ ಎಲ್ಲರ ತಲೆಯಲ್ಲೂ ಇದ್ದವು. ಸಾಲಪತ್ರ ಕೊಂಡವನಿಗೆ ಅಸಲು ಬರುವುದೇ ಎಂಬ ಚಿಂತೆ ಒಂದಾದರೆ, ನಡುವೆ ಮಾರಬೇಕೆಂದರೆ ಕೊಳ್ಳುವವರು ಸಿಗುವರೇ ಎಂಬುದು ಇನ್ನೊಂದು. ಎರಡನೆಯ ಚಿಂತೆಗೆ ನಮ್ಮ ಯಾವ ಅನುಪಾತದಲ್ಲೂ ಉತ್ತರವಿರಲಿಲ್ಲ. ಅದಕ್ಕೆ ಬೆಲೆ ಬಡ್ಡಿಯಲ್ಲೇ ತೆರಬೇಕು. ಆಗ ಐದು ವರ್ಷದ ಸರ್ಕಾರಿ ಬಾಂಡ್ ಏಳು ಪರ್ಸೆಂಟಿನ ಆಸುಪಾಸಿನಲ್ಲಿತ್ತು. ನಾವು ಕೊಟ್ಟದ್ದು ಅದಕ್ಕಿಂತ ಮೂರು ಪರ್ಸೆಂಟಿನಷ್ಟು ಹೆಚ್ಚು.

ಬಂದವರು ಪರ್ಯಾಯ ಹೂಡಿಕೆ ನಿಧಿಗಳವರು, ಒಂದೆರಡು ಬ್ಯಾಂಕೇತರ ಹಣಕಾಸು ಕಂಪನಿಗಳು, ಕೆಲವು ಶ್ರೀಮಂತ ಕುಟುಂಬಗಳ ಹಣ ನೋಡಿಕೊಳ್ಳುವವರು. ಸಾಲ-ಬಂಡವಾಳ ಅನುಪಾತ ಏಕೆ 0.96ಕ್ಕೆ ಏರುತ್ತದೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಪ್ರವರ್ತಕರ ಷೇರುಗಳು ಎಲ್ಲಾದರೂ ಒತ್ತೆಯಲ್ಲಿವೆಯೇ, ಆಡಿಟರ್ ಬದಲಾಗಿದ್ದಾರೆಯೇ, ಸೋದರ ಕಂಪನಿಗೆ ಹಣ ಹರಿಯುವ ದಾರಿ ಇದೆಯೇ, ಐದನೆಯ ವರ್ಷ ನೂರು ಕೋಟಿಯನ್ನು ಒಟ್ಟಿಗೆ ಎಲ್ಲಿಂದ ತರುತ್ತೀರಿ, ಇವೇ ಪ್ರಶ್ನೆಗಳು. ನಾವು ಮೊದಲು ಯೋಚಿಸಿದ್ದು ಅಸಲನ್ನು ಕೊನೆಯಲ್ಲಿ ಒಮ್ಮೆಗೇ ತೀರಿಸುವ ಸಾಲಪತ್ರ. ಅದರಿಂದ ಮೊದಲ ನಾಲ್ಕು ವರ್ಷ ಸಾಲ ತೀರಿಸುವ ಸಾಮರ್ಥ್ಯದ ಅನುಪಾತ ಚೆನ್ನಾಗಿ ಕಾಣುತ್ತದೆ, ಏಕೆಂದರೆ ಅಸಲಿನ ಕಂತೇ ಇರುವುದಿಲ್ಲ. ಐದನೆಯ ವರ್ಷ ಅದೇ ಅನುಪಾತ ನೆಲಕಚ್ಚುತ್ತದೆ. ಮಾತುಕತೆಯ ಕೊನೆಗೆ ಮೂರು, ನಾಲ್ಕು, ಐದನೆಯ ವರ್ಷಗಳಲ್ಲಿ ಕ್ರಮವಾಗಿ 30, 30, 40 ಕೋಟಿ ತೀರಿಸುವುದೆಂದು ಒಪ್ಪಿಗೆಯಾಯಿತು. ಇದರಿಂದ ನಮ್ಮ ಚಾಲ್ತಿ ಅನುಪಾತಕ್ಕೆ ಸಿಕ್ಕಿದ ಬಿಡುವು ಮೊಟಕಾಯಿತು, ಏಕೆಂದರೆ 2027ರಲ್ಲಿ ತೀರಿಸಬೇಕಾದ 30 ಕೋಟಿ 2026ರ ಮಾರ್ಚ್ ಬ್ಯಾಲೆನ್ಸ್ ಶೀಟಿನಲ್ಲೇ ಚಾಲ್ತಿ ಹೊಣೆಯಾಗಿ ಬಂದು ಕೂರುತ್ತದೆ. ಉಳಿದದ್ದು ಹಾಗೆಯೇ ಇದ್ದರೆ ಅನುಪಾತ 1.37. ಬ್ಯಾಂಕಿನ 1.33ಕ್ಕಿಂತ ಕೂದಲೆಳೆಯಷ್ಟು ಮೇಲೆ. ಆದರೂ ಕೂಪನ್ನಿನ ಮೇಲೆ ಅವರು ಮೆತ್ತಗಾದದ್ದು ಈ ಒಪ್ಪಿಗೆಯ ನಂತರವೇ.

ಷರತ್ತುಗಳ ಮೇಲಿನ ಹಗ್ಗಜಗ್ಗಾಟ ಇನ್ನೂ ಕುತೂಹಲದ್ದಾಗಿತ್ತು. ನಿವ್ವಳ ಸಾಲ ಎಬಿಟಾದ 3.25 ಪಟ್ಟು ದಾಟಬಾರದು ಎಂದು ಅವರ ಕರಡಿನಲ್ಲಿತ್ತು. ಹಣ ಬಂದ ದಿನ ನಮ್ಮದು 2.71, ಕೇಳಿದವರಿಗೆ ಧಾರಾಳ ಅಂತರವಿದೆ ಅನ್ನಿಸುತ್ತದೆ. ಆದರೆ 40 ಕೋಟಿ ಯಂತ್ರಕ್ಕೆ ಖರ್ಚಾದೊಡನೆ ನಿವ್ವಳ ಸಾಲ 230 ಕೋಟಿ, ಎಬಿಟಾ ಇನ್ನೂ 70, ಅನುಪಾತ 3.29. ಯಾವ ಕೆಲಸಕ್ಕೆಂದು ಸಾಲ ಕೊಟ್ಟರೋ ಆ ಕೆಲಸ ಮಾಡಿದ ಕೂಡಲೇ ಷರತ್ತು ಮುರಿದುಬೀಳುತ್ತಿತ್ತು. ಈ ಲೆಕ್ಕವನ್ನು ನಾವಾಗಿಯೇ ಅವರ ಮುಂದಿಟ್ಟೆವು. 2025ರ ಮಾರ್ಚ್‌ವರೆಗೆ 3.5, ಆಮೇಲೆ 3 ಎಂದು ತಿದ್ದುಪಡಿಯಾಯಿತು. ದರ್ಜೆ ಒಂದು ಮೆಟ್ಟಿಲು ಇಳಿದರೆ ಕೂಪನ್ ಕಾಲು ಪರ್ಸೆಂಟ್ ಏರುವುದು, ಎರಡು ಮೆಟ್ಟಿಲು ಇಳಿದರೆ ಹಣ ವಾಪಸ್ ಕೇಳುವ ಹಕ್ಕು, ಇವನ್ನು ಅವರು ಬಿಡಲಿಲ್ಲ. ಕಂಪನಿ ಕಷ್ಟದಲ್ಲಿರುವಾಗಲೇ ಹಣ ವಾಪಸ್ ಕೇಳಿದರೆ ಕಷ್ಟ ಇಮ್ಮಡಿಯಾಗುತ್ತದೆ ಎಂದು ವಾದಿಸಿ ನೋಡಿದೆವು. ಹೂಡಿಕೆದಾರನಿಗೆ ನೆಮ್ಮದಿ ಕೊಡುವ ಷರತ್ತೇ ಕಂಪನಿಯನ್ನು ದುರ್ಬಲ ಮಾಡಬಲ್ಲದು ಎಂಬುದು ನನ್ನ ಈಗಿನ ಅಭಿಪ್ರಾಯ ಕೂಡ. ಮೊದಲ ಬಾರಿ ಪೇಟೆಗೆ ಬಂದವರ ಮಾತು ಅಲ್ಲಿ ಅಷ್ಟು ನಡೆಯುವುದಿಲ್ಲ. ಅವಧಿಗೆ ಮುನ್ನ ನಾವಾಗಿ ತೀರಿಸುವ ಕಾಲ್ ಆಪ್ಷನ್ ಕೇಳಿದಾಗಲೂ ಬೇಡವೆಂದರು.

ಆಗ ಐವತ್ತು ಕೋಟಿ ಮತ್ತು ಅದಕ್ಕೆ ಮೇಲ್ಪಟ್ಟ ಪ್ರೈವೇಟ್ ಪ್ಲೇಸ್‌ಮೆಂಟ್‌ಗೆ ಷೇರು ವಿನಿಮಯ ಕೇಂದ್ರದ ಎಲೆಕ್ಟ್ರಾನಿಕ್ ಬಿಡ್ಡಿಂಗ್ ವೇದಿಕೆಯನ್ನು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕಡ್ಡಾಯ ಮಾಡಿತ್ತು. ಮುಖಬೆಲೆ ಒಂದು ಲಕ್ಷ. 75 ಕೋಟಿ ಮೂಲ ಮೊತ್ತ, ಬೇಡಿಕೆಯಿದ್ದರೆ ಹೆಚ್ಚುವರಿಯಾಗಿ ಪಡೆಯಬಹುದಾದ 25 ಕೋಟಿ ಗ್ರೀನ್ ಶೂ. ಬಿಡ್ಡಿಂಗ್ ಆರಂಭವಾಗಿ ಅರ್ಧ ಗಂಟೆ ಕಳೆದರೂ ಪರದೆಯ ಮೇಲೆ ಇದ್ದದ್ದು ಎರಡೇ ಬಿಡ್, ಎರಡೂ 10.50 ಪರ್ಸೆಂಟ್ ಬಡ್ಡಿ ಕೇಳಿದವು. ಎಂ.ಡಿ.ಯವರು ಕಾಫಿ ಲೋಟವನ್ನು ಕೈಯಲ್ಲಿ ಹಿಡಿದು ಕುಡಿಯದೆ ನಿಂತಿದ್ದರು. "ಕೊನೆಯ ಹತ್ತು ನಿಮಿಷ ನೋಡಿ ಸರ್," ಎಂದು ಅರೇಂಜರ್ ಕಡೆಯವರು ಫೋನಿನಲ್ಲಿ ಹೇಳುತ್ತಲೇ ಇದ್ದರು. ಹಾಗೆಯೇ ಆಯಿತು. ಅವಧಿ ಮುಗಿಯುವ ಹೊತ್ತಿಗೆ ಬಿಡ್‌ಗಳು 10.10ರಿಂದ ಮೇಲಕ್ಕೆ ಸಾಲಾಗಿ ನಿಂತವು. ನೂರು ಕೋಟಿ ತುಂಬಿದ ಜಾಗ 10.25. ಎಲ್ಲರಿಗೂ ಅದೇ ದರ.

ಹಣ ಬಂದ ಮೇಲೆ ಕೆಲಸ ಮುಗಿಯಿತು ಎಂದುಕೊಂಡವರಿಗೆ ಮುಂದಿನ ತ್ರೈಮಾಸಿಕವೇ ಉತ್ತರ ಹೇಳಿತು. ಸಾಲಪತ್ರ ಲಿಸ್ಟ್ ಆದ ಕಂಪನಿ ಪ್ರತಿ ತ್ರೈಮಾಸಿಕದ ಫಲಿತಾಂಶವನ್ನು ನಿಗದಿತ ದಿನದೊಳಗೆ ವಿನಿಮಯ ಕೇಂದ್ರಕ್ಕೆ ಕೊಡಬೇಕು, ಅದರೊಡನೆ ಸಾಲ-ಬಂಡವಾಳ, ಬಡ್ಡಿ ತೀರಿಸುವ ಸಾಮರ್ಥ್ಯ, ಚಾಲ್ತಿ ಅನುಪಾತ ಮುಂತಾದವನ್ನು ಪಟ್ಟಿಮಾಡಬೇಕು. ಮೊದಲು ಬ್ಯಾಂಕಿನವರೂ ಆಡಿಟರೂ ಮಾತ್ರ ನೋಡುತ್ತಿದ್ದ ಅಂಕಿಗಳನ್ನು ಈಗ ಉಕ್ಕು ಪೂರೈಸುವವರೂ ನೋಡತೊಡಗಿದರು. ಅವರಲ್ಲಿ ಒಬ್ಬರು ಚಾಲ್ತಿ ಅನುಪಾತ ನೋಡಿ ಉದ್ದರಿಯ ದಿನಗಳನ್ನು ಹೆಚ್ಚಿಸಲು ಒಪ್ಪಿದರೆ, ಮತ್ತೊಬ್ಬರು ಸಾಲ ಏರಿದೆಯೆಂದು ಮುಂಗಡ ಕೇಳಿದರು.

ಶಿಸ್ತಿನ ವಿಷಯದಲ್ಲಿ ಬದಲಾದದ್ದು ಬಡ್ಡಿ ಕಟ್ಟುವ ದಿನದ ಗಂಭೀರತೆ. ಬ್ಯಾಂಕಿನ ಬಡ್ಡಿ ನಾಲ್ಕು ದಿನ ತಡವಾದರೆ ಒಂದು ಫೋನ್ ಬರುತ್ತದೆ. ಖಾತೆ ಎನ್‌ಪಿಎ (ಮರುಪಾವತಿ ನಿಂತ ಸಾಲ) ಆಗಲು ತೊಂಬತ್ತು ದಿನಗಳ ಗಡುವಿದೆ. ಸಾಲಪತ್ರದಲ್ಲಿ ಒಂದು ರೂಪಾಯಿ ಒಂದು ದಿನ ತಡವಾದರೂ ರೇಟಿಂಗ್ ಏಜೆನ್ಸಿಯ ಲೆಕ್ಕದಲ್ಲಿ ಅದು ಡೀಫಾಲ್ಟ್. ಕೊಟ್ಟ ಮೇಲೂ ಒಂದು ಕೆಲಸದ ದಿನದೊಳಗೆ ಕೊಟ್ಟಿದ್ದೇವೆಂದು ವಿನಿಮಯ ಕೇಂದ್ರಕ್ಕೆ ತಿಳಿಸಬೇಕು. ಹಾಗಾಗಿ ಬಡ್ಡಿಯ ಹಣವನ್ನು ವಾರದ ಮೊದಲೇ ಬೇರೆ ಖಾತೆಗೆ ಹಾಕಿಡುವ ಪದ್ಧತಿಯನ್ನು ತಂದೆವು. ಯಾವ ಅನುಪಾತದ ಸೂತ್ರದಲ್ಲೂ ಬರದ ಈ ಪದ್ಧತಿಯ ಬಗ್ಗೆ ಮುಂದಿನ ವರ್ಷದ ರೇಟಿಂಗ್ ಪರಿಶೀಲನೆಯಲ್ಲಿ ವಿಶ್ಲೇಷಕರು ಎರಡು ಬಾರಿ ಕೇಳಿ ಬರೆದುಕೊಂಡರು.

2024ರ ಮಾರ್ಚ್ ಲೆಕ್ಕಪತ್ರದಲ್ಲಿ ನನಗೆ ನಗು ತರಿಸಿದ ಒಂದು ಸಂಗತಿ ಇದೆ. ಕಂಪನಿ ಕಾಯ್ದೆಯ ಮೂರನೆಯ ಅನುಸೂಚಿಗೆ 2021ರಲ್ಲಿ ಆದ ತಿದ್ದುಪಡಿಯಂತೆ, ಹಿಂದಿನ ವರ್ಷಕ್ಕಿಂತ 25 ಪರ್ಸೆಂಟಿಗೂ ಹೆಚ್ಚು ಬದಲಾದ ಅನುಪಾತಕ್ಕೆ ಕಾರಣ ಬರೆಯಬೇಕು. ಸಾಲ-ಬಂಡವಾಳ ಅನುಪಾತ 0.80ರಿಂದ 0.96ಕ್ಕೆ ಏರಿದ್ದು 20 ಪರ್ಸೆಂಟ್ ಮಾತ್ರ, ವಿವರಣೆ ಬೇಕಿಲ್ಲ. ಚಾಲ್ತಿ ಅನುಪಾತ ಸುಧಾರಿಸಿದ್ದಕ್ಕೆ ನಾವು ಒಂದು ಪ್ಯಾರಾ ಬರೆದು ಸಮಜಾಯಿಷಿ ಕೊಡಬೇಕಾಯಿತು.

ಹೊಸ ಲೈನ್ 2024ರ ಕೊನೆಯಲ್ಲಿ ಓಡತೊಡಗಿತು. ಅಂದಿನಿಂದ ಅದರ ಬಡ್ಡಿಯೂ ಸವಕಳಿಯೂ ನೇರವಾಗಿ ಲಾಭ-ನಷ್ಟಕ್ಕೆ ಬಂದವು, ಆದಾಯ ಮಾತ್ರ ನಿಧಾನವಾಗಿ ಏರಿತು. ಷೇರುದಾರರ ಬಂಡವಾಳದ ಮೇಲಿನ ಗಳಿಕೆ ಆ ವರ್ಷ ಇಳಿಯಿತು. ಸಾಲ ತಂದರೆ ಷೇರುದಾರರ ಗಳಿಕೆ ಏರುತ್ತದೆ ಎಂದು ಪಠ್ಯಪುಸ್ತಕ ಹೇಳುವುದು, ಸಾಲದ ಹಣ ತನ್ನ ಬಡ್ಡಿಗಿಂತ ಹೆಚ್ಚು ದುಡಿಯತೊಡಗಿದ ಮೇಲಿನ ಮಾತು. ನಿವ್ವಳ ಸಾಲ ಮತ್ತು ಎಬಿಟಾದ ಅನುಪಾತ 2025ರ ಮಾರ್ಚಿನಲ್ಲಿ 3.1ಕ್ಕೆ ನಿಂತಿತು. 3.5ರ ಮಿತಿಯೊಳಗಿದ್ದರೂ, ಮುಂದಿನ ವರ್ಷದ ಮಿತಿ 3 ಆದ್ದರಿಂದ ಆರ್ಡರ್‌ಗಳ ಸ್ಥಿತಿಯನ್ನು ವಿವರಿಸಿ ಟ್ರಸ್ಟಿಗೆ ಮೊದಲೇ ಪತ್ರ ಬರೆದೆವು. ಎರಡು ನಿಧಿಗಳವರು ಕಾರ್ಖಾನೆ ನೋಡಲು ಬಂದರು.

ಅದೇ 2025ರ ಫೆಬ್ರುವರಿಯಿಂದ ಜೂನ್‌ವರೆಗೆ ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯಾದ ರೆಪೊ ದರವನ್ನು 6.50ರಿಂದ 5.50ಕ್ಕೆ ಇಳಿಸಿತು. ಬ್ಯಾಂಕ್ ಸಾಲದ ಬಡ್ಡಿ ಇಳಿಯುತ್ತಿದ್ದಂತೆ ಎಂ.ಡಿ.ಯವರು ಮತ್ತೆ ಕರೆದು, ಈ ಸಾಲಪತ್ರವನ್ನು ಈಗಲೇ ತೀರಿಸಿಬಿಟ್ಟರೆ ಹೇಗೆ ಎಂದು ಕೇಳಿದರು. ಕಾಲ್ ಆಪ್ಷನ್ ಇಲ್ಲ, ಇಟ್ಟುಕೊಂಡವರು ಮಾರಲು ಒಪ್ಪಿದರೆ ಮಾತ್ರ ವಾಪಸ್ ಕೊಳ್ಳಬಹುದು ಎಂದೆ. ವಿಚಾರಿಸಿ ನೋಡಲು ಹೇಳಿದರು. ಅರೇಂಜರ್ ಮೂಲಕ ಕೇಳಿಸಿದಾಗ ಒಬ್ಬರು ಮಾರುವುದೇ ಇಲ್ಲವೆಂದರು, ಇನ್ನಿಬ್ಬರು ಮುಖಬೆಲೆಗಿಂತ ಹೆಚ್ಚು ಕೊಟ್ಟರೆ ಯೋಚಿಸುತ್ತೇವೆ ಎಂದರು. ಆ ಬೆಲೆಯನ್ನು ಲೆಕ್ಕಕ್ಕೆ ಹಾಕಿದರೆ ನಮಗೆ ಉಳಿತಾಯವೇನೂ ಕಾಣಲಿಲ್ಲ. ಕಡತವನ್ನು ಅಲ್ಲಿಗೇ ಮುಚ್ಚಿ, 2027ರ ಮೊದಲ ಕಂತಿಗೆ ಹಣ ಕೂಡಿಡುವ ತಃಖ್ತೆಯನ್ನು ತೆರೆದೆವು.